ಅಂಗಡಿ ಅಂಗಳದ ಜಮಖಾನ

ಅಂಗಡಿಯಾಕೆ ಒಳಗಿನಿಂದ ಮೊದಲು ಹೊತ್ತು ತಂದದ್ದು ಒಂದು ಜಮಖಾನ. ನಮ್ಮ ಕಡೆ ಮದುವೆ ಮನೆಯಲ್ಲಿ ಹಾಸುತ್ತಾರಲ್ಲ, ಅಂಥದ್ದೇ ದಪ್ಪನೆಯದು. ಬಣ್ಣ ಮಾಸಿತ್ತು, ಒಂದು ಮೂಲೆಯಲ್ಲಿ ನೂಲು ಬಿಟ್ಟುಕೊಂಡಿತ್ತು. ಸಿಮೆಂಟಿನ ಅಂಗಳದಲ್ಲಿ ಅದನ್ನು ಕೊಡವಿ ಹಾಸಿ, ಕಾಲಿನಿಂದಲೇ ಸುಕ್ಕು ತೀಡಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರು. ಆಮೇಲೆ ವ್ಯಾನಿನ ಹತ್ತಿರ ಕಾಯುತ್ತಿದ್ದ ಹುಡುಗರಿಗೆ ಬನ್ನಿ ಅಂತ ಕೈ ಬೀಸಿದರು. ಟೆಕ್ಸಸ್ ರಾಜ್ಯದ ಆಸ್ಟಿನ್ ಊರಿನ ದಕ್ಷಿಣ ಭಾಗದಲ್ಲಿ, ಹಳೆಯ ಎಲ್‌ಪಿ ರೆಕಾರ್ಡು ಮಾರುವ ಒಂದು ಪುಟ್ಟ ಅಂಗಡಿ ಅದು. ಮಗಳ ಮನೆಗೆ ಹೋಗಿದ್ದೆ. ಶನಿವಾರ ಸಂಜೆ ನಾನೂ ಮಗಳೂ ಮೊಮ್ಮಗನನ್ನು ಕರೆದುಕೊಂಡು ಐಸ್‌ಕ್ರೀಮಿಗೆಂದು ಹೊರಟವರು, ಈ ಜಮಖಾನ ನೋಡಿ ನಿಂತೆವು.

ಜಮಖಾನ ಯಾಕೆ ಅಂತ ಕೇಳಿದ್ದಕ್ಕೆ ಡ್ರಮ್ ಬಾರಿಸುವ ಹುಡುಗ ನಗುತ್ತಾ ತೋರಿಸಿಕೊಟ್ಟ. ನೆಲದ ಮೇಲೆ ನಿಲ್ಲಿಸಿ ಕಾಲಿನ ಪೆಡಲಿನಿಂದ ಬಡಿಯುವ ದೊಡ್ಡ ಡ್ರಮ್ ಇದೆಯಲ್ಲ, ಅದು ಬರೀ ಸಿಮೆಂಟಿನ ಮೇಲೆ ನಿಲ್ಲುವುದಿಲ್ಲ. ಒಂದೊಂದು ಏಟಿಗೂ ಕೂದಲೆಳೆಯಷ್ಟು ಮುಂದೆ ಜಾರುತ್ತದೆ. ಎರಡು ಹಾಡು ಮುಗಿಯುವಷ್ಟರಲ್ಲಿ ಬಾರಿಸುವವನು ಕಾಲು ಚಾಚಿಕೊಂಡು ಅದರ ಹಿಂದೆ ತೆವಳಬೇಕು. ಡ್ರಮ್ಮಿನ ಎರಡು ಕಾಲಿಗೆ ಚೂಪಾದ ಮೊಳೆ ಇರುತ್ತವೆ, ಅವು ಜಮಖಾನವನ್ನು ಕಚ್ಚಿ ಹಿಡಿಯುತ್ತವೆ. ಬ್ಯಾಂಡಿನವರು ಸಾಮಾನ್ಯವಾಗಿ ತಮ್ಮದೇ ಹಾಸು ಹೊತ್ತು ತಿರುಗುತ್ತಾರೆ. ಈ ಅಂಗಡಿ ತನ್ನದೊಂದನ್ನು ಇಟ್ಟುಕೊಂಡಿತ್ತು. ವಾರವಾರ ಯಾರಾದರೊಬ್ಬರು ಬಂದು ಬಾರಿಸುತ್ತಾರೆ ಎಂಬ ಖಾತ್ರಿ ಇದ್ದವರು ಮಾತ್ರ ಇಂಥದ್ದನ್ನು ಕೊಂಡಿಡುತ್ತಾರೆ.

ಒಂದು ಕರೆಂಟಿನ ವೈರು ಅಂಗಡಿಯ ಕಿಟಕಿಯಿಂದ ಹೊರಬಂತು. ಕಂಬದ ಮೇಲೆ ಎರಡು ಸ್ಪೀಕರು ನಿಂತವು. ಬ್ಯಾಂಡಿನವರು ಅಂಗಡಿಯ ಇಟ್ಟಿಗೆ ಗೋಡೆಗೆ ಬೆನ್ನು ಕೊಟ್ಟು ನಿಂತರು. ಅದಕ್ಕೂ ಕಾರಣ ಉಂಟು. ಕೋಣೆಯೊಳಗೆ ಹಾಡಿದರೆ ನಾಲ್ಕು ಗೋಡೆ, ಒಂದು ಸೂರು ಸೇರಿ ದನಿಯನ್ನು ಮತ್ತೆ ಮತ್ತೆ ನಮ್ಮ ಕಿವಿಗೆ ತಂದುಕೊಡುತ್ತವೆ. ಬಯಲಿನಲ್ಲಿ ಹೋದ ದನಿ ಹೋದಂತೆಯೇ. ದೂರ ಎರಡರಷ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಬೆನ್ನಿಗೊಂದು ಗೋಡೆ ಇದ್ದರೆ ಹಿಂದಕ್ಕೆ ಹೋಗುವ ದನಿ ಸ್ವಲ್ಪವಾದರೂ ಮುಂದಕ್ಕೆ ತಿರುಗುತ್ತದೆ. ನಮ್ಮ ಹಳ್ಳಿಗಳಲ್ಲಿ ಭಜನೆಯವರು ಗುಡಿಯ ಗೋಡೆಗೆ ಒರಗಿ ಕೂರುವುದರಲ್ಲಿಯೂ ಈ ಲೆಕ್ಕ ಇದ್ದಿರಬೇಕು. ಟೆಕ್ಸಸ್ಸಿನ ಬಿಸಿಲು ಇನ್ನೊಂದು ತರಲೆ. ಬಿಸಿಗೆ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ, ಹೊತ್ತು ಇಳಿದು ತಂಪಾದಂತೆ ಏರುತ್ತದೆ. ಗಿಟಾರಿನ ಹುಡುಗಿ ಎರಡು ಹಾಡಿಗೊಮ್ಮೆ ಬಿರಡೆ ತಿರುಗಿಸುತ್ತಲೇ ಇದ್ದಳು. ಪಕ್ಕದ ಓಕ್ ಮರದಲ್ಲಿ ಗ್ರ್ಯಾಕಲ್ ಎಂಬ ಉದ್ದ ಬಾಲದ ಕರಿ ಹಕ್ಕಿಗಳು ಸಾವಿರಗಟ್ಟಲೆ ಇಳಿದು ಕೂಗೆಬ್ಬಿಸಿದ್ದವು. ಆಸ್ಟಿನ್‌ನ ಪಾರ್ಕಿಂಗ್ ಜಾಗಗಳಲ್ಲಿ ಮುಸ್ಸಂಜೆಯ ಮಾಮೂಲಿ ಸದ್ದು ಅದು. ಅವುಗಳ ಕೂಗಿನ ಮೇಲೆಯೇ ಹಾಡು ಶುರುವಾಯಿತು.

ಅಲ್ಲಿ ಮೂವತ್ತು ಜನ ಇದ್ದಿರಬಹುದು. ಅವರಲ್ಲಿ ಬ್ಯಾಂಡಿನ ಸ್ನೇಹಿತರು, ತಂದೆತಾಯಿಗಳು ಹತ್ತು ಮಂದಿ. ಉಳಿದ ಇಪ್ಪತ್ತು ಜನ ನಮ್ಮಂಥವರು: ನಾಯಿ ತಿರುಗಾಡಿಸಲು ಬಂದವರು, ಪಕ್ಕದ ಅಂಗಡಿಗೆ ಬಂದವರು, ಬಸ್ಸಿಗೆ ಕಾಯುವವರು. ಹೊಸ ಬ್ಯಾಂಡಿಗೆ ಎಲ್ಲಕ್ಕಿಂತ ದುರ್ಲಭವಾದದ್ದು ಈ ಇಪ್ಪತ್ತು ಜನ ಎಂದು ನನಗೆ ಹೊಳೆದದ್ದು ಆವತ್ತು. ಟಿಕೆಟ್ ಇಟ್ಟರೆ ಇವರು ಬರುವುದಿಲ್ಲ. ಬಾರಿನೊಳಗೆ ಹಾಡಿದರೆ ಮಕ್ಕಳಿಗೆ ಪ್ರವೇಶವಿಲ್ಲ. ಫೋನಿನೊಳಗಿನ ಆ್ಯಪು, ನಾವು ಈಗಾಗಲೇ ಮೆಚ್ಚಿದ್ದನ್ನೇ ಮತ್ತೆ ಮತ್ತೆ ಎದುರಿಗಿಡುತ್ತದೆ. ತನ್ನ ಹೆಸರನ್ನೇ ಕೇಳಿರದವರ ಎದುರು ನಿಂತು, ಅವರನ್ನು ಒಂದು ಹಾಡಿನ ಮಟ್ಟಿಗಾದರೂ ನಿಲ್ಲಿಸಿಕೊಳ್ಳುವ ಅವಕಾಶ ಸಿಗುವುದು ಇಂಥ ಅಂಗಳಗಳಲ್ಲಿ. ಆ ಅಂಗಳಗಳನ್ನು ದೊಡ್ಡ ಕಂಪನಿಗಳು ಕೊಟ್ಟಿದ್ದು ಕಡಿಮೆ, ಚಿಕ್ಕ ಅಂಗಡಿಗಳು ಕೊಟ್ಟಿದ್ದೇ ಹೆಚ್ಚು.

ಆಸ್ಟಿನ್ ತನ್ನನ್ನು 'ಜಗತ್ತಿನ ಲೈವ್ ಸಂಗೀತದ ರಾಜಧಾನಿ' ಎಂದು ಕರೆದುಕೊಳ್ಳುತ್ತದೆ. 1991ರಲ್ಲಿ ನಗರಸಭೆಯೇ ಆ ಬಿರುದನ್ನು ಅಧಿಕೃತ ಮಾಡಿಕೊಂಡಿತು. ಆದರೆ ಊರಿನ ಸಂಗೀತದ ಬೇರು ಹುಡುಕಿಕೊಂಡು ಹೋದರೆ ಸಿಗುವುದು ಒಂದು ಪೆಟ್ರೋಲ್ ಬಂಕು. 1933ರಲ್ಲಿ ಕೆನೆತ್ ಥ್ರೆಡ್‌ಗಿಲ್ ಎಂಬಾತ ಊರ ಹೊರಗಿನ ನಾರ್ತ್ ಲಮಾರ್ ರಸ್ತೆಯಲ್ಲಿ ಬಂಕು ತೆರೆದ. ಅದೇ ವರ್ಷದ ಕೊನೆಗೆ ಅಮೆರಿಕದಲ್ಲಿ ಪಾನನಿಷೇಧ ತೆರವಾದಾಗ ಆ ಜಿಲ್ಲೆಯ ಮೊದಲ ಬಿಯರ್ ಪರವಾನಗಿ ಈತನಿಗೆ ಸಿಕ್ಕಿತು. ಥ್ರೆಡ್‌ಗಿಲ್ ಸ್ವತಃ ಹಾಡುಗಾರ. ದನಿಯನ್ನು ಮಡಚಿ ಏರಿಸಿ ಹಾಡುವ ಯೋಡ್ಲಿಂಗ್ ಅವನಿಗೆ ಬಹಳ ಪ್ರಿಯ. ಮುಂದೆ ಬುಧವಾರದ ರಾತ್ರಿಗಳಲ್ಲಿ ಅಲ್ಲಿ ಹಾಡುಗಾರರು ಸೇರತೊಡಗಿದರು, ಸಂಭಾವನೆಯಾಗಿ ಬಿಯರು. ಅರವತ್ತರ ದಶಕದ ಆರಂಭದಲ್ಲಿ ಪಕ್ಕದ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರೂ ಬಂದರು. ಅವರಲ್ಲಿ ಒಬ್ಬಳು ಜಾನಿಸ್ ಜಾಪ್ಲಿನ್. ಇನ್ನೂ ಇಪ್ಪತ್ತು ತುಂಬದ, ಕ್ಯಾಂಪಸ್ಸಿನಲ್ಲಿ ಹಂಗಿಸಿಕೊಳ್ಳುತ್ತಿದ್ದ ಹುಡುಗಿ. ಆಕೆಯ ಗಂಟಲಿನಲ್ಲಿ ಏನಿದೆ ಎಂಬುದನ್ನು ಮೊದಮೊದಲು ಕೇಳಿಸಿಕೊಂಡವರಲ್ಲಿ ಆ ಬಂಕಿನ ಗಿರಾಕಿಗಳೂ ಇದ್ದರು. ಕೆಲವೇ ವರ್ಷಗಳಲ್ಲಿ ಇಡೀ ಅಮೆರಿಕ ಆಕೆಯ ದನಿಗೆ ಎದ್ದು ನಿಂತಿತು.

ಇನ್ನೊಂದು ಕಥೆ ಇದಕ್ಕಿಂತ ಮನಸ್ಸಿಗೆ ಹತ್ತಿರದ್ದು. ಎಂಬತ್ತರ ದಶಕದಲ್ಲಿ ಡೇನಿಯಲ್ ಜಾನ್‌ಸ್ಟನ್ ಎಂಬ ತರುಣ ಆಸ್ಟಿನ್‌ಗೆ ಬಂದು ಮೆಕ್‌ಡೊನಾಲ್ಡ್ಸ್‌ನಲ್ಲಿ ಕೆಲಸಕ್ಕೆ ಸೇರಿದ. ಮನೆಯಲ್ಲೇ ಅಗ್ಗದ ಕ್ಯಾಸೆಟ್ ರೆಕಾರ್ಡರಿನಲ್ಲಿ ತನ್ನ ಹಾಡು ಮುದ್ರಿಸಿ, ಹೊದಿಕೆಗೆ ತಾನೇ ಚಿತ್ರ ಬರೆದು, ಸಿಕ್ಕವರ ಕೈಗೆ ಪುಕ್ಕಟೆ ಕೊಡುತ್ತಿದ್ದ. ಮೊದಲಿಗೆ ಪ್ರತಿ ತೆಗೆಯುವ ಯಂತ್ರವೂ ಅವನ ಬಳಿ ಇರಲಿಲ್ಲವಂತೆ. ಇನ್ನೊಬ್ಬರಿಗೆ ಕ್ಯಾಸೆಟ್ ಬೇಕೆಂದರೆ ಎಲ್ಲ ಹಾಡುಗಳನ್ನೂ ಮತ್ತೆ ಕೂತು ಹಾಡುತ್ತಿದ್ದನಂತೆ. ಮಾನಸಿಕ ಕಾಯಿಲೆ ಅವನನ್ನು ಬದುಕಿಡೀ ಹಿಂಡಿತು. 1993ರಲ್ಲಿ ಗ್ವಾಡಲೂಪ್ ರಸ್ತೆಯ 'ಸೌಂಡ್ ಎಕ್ಸ್‌ಚೇಂಜ್' ಎಂಬ ರೆಕಾರ್ಡಂಗಡಿ ತನ್ನ ಹೊರಗೋಡೆಯನ್ನು ಅವನಿಗೆ ಬಿಟ್ಟುಕೊಟ್ಟಿತು. ಅವನು ಬರೆದ, ಕಣ್ಣು ತಲೆಯ ಮೇಲೆ ಉದ್ದಕ್ಕೆ ಚಾಚಿಕೊಂಡಿರುವ ಕಪ್ಪೆಯ ಚಿತ್ರ ಈಗಲೂ ಅಲ್ಲಿದೆ. ಅಂಗಡಿ 2003ರಲ್ಲಿ ಮುಚ್ಚಿತು. ಮರುವರ್ಷ ಅಲ್ಲಿ ಹೋಟೆಲು ಕಟ್ಟಲು ಗೋಡೆ ಒಡೆಯಬೇಕಾಗಿ ಬಂದಾಗ ಊರಿನವರು ತಡೆದರು, ಕಟ್ಟುವವರೂ ಒಪ್ಪಿ ಗೋಡೆ ಉಳಿಸಿದರು. ಜಾನ್‌ಸ್ಟನ್ 2019ರಲ್ಲಿ ತೀರಿಕೊಂಡ. ನಾನು ಹೋಗಿ ನೋಡಿದ ದಿನ ಕಪ್ಪೆಯ ಕಾಲ ಬಳಿ ಯಾರೋ ಇಟ್ಟ ಎರಡು ಹೂವು ಬಾಡಿದ್ದವು.

ಚಿಕ್ಕ ಅಂಗಡಿಯೊಂದು ಈ ಕೆಲಸವನ್ನು ಕ್ರಮವಾಗಿ, ವರ್ಷಾನುಗಟ್ಟಲೆ ಹೇಗೆ ಮಾಡಬಲ್ಲದು ಎಂಬುದಕ್ಕೆ ವಾಟರ್‌ಲೂ ರೆಕಾರ್ಡ್ಸ್ ಒಳ್ಳೆಯ ಉದಾಹರಣೆ. ಆಸ್ಟಿನ್‌ಗೆ ಆ ಹೆಸರು ಬರುವುದಕ್ಕೆ ಮುಂಚೆ, 1839ರ ತನಕ, ಆ ಊರಿಗೆ ಇದ್ದ ಹೆಸರು ವಾಟರ್‌ಲೂ. ಅದನ್ನೇ ಇಟ್ಟುಕೊಂಡು 1982ರಲ್ಲಿ ಶುರುವಾದ ಅಂಗಡಿ, 1989ರಲ್ಲಿ ಆರನೇ ರಸ್ತೆ ಮತ್ತು ಲಮಾರ್ ರಸ್ತೆ ಕೂಡುವ ಮೂಲೆಗೆ ಬಂತು. ಇಲ್ಲಿ ಊರಿನ ಬ್ಯಾಂಡಿನವರು ತಮ್ಮ ಐದೋ ಹತ್ತೋ ಪ್ರತಿ ತಂದು ಇಡಬಹುದು, ಮಾರಾಟವಾದ ಮೇಲೆ ಹಣ ಪಡೆಯಬಹುದು. ನಮ್ಮಲ್ಲಿ ಸ್ವಂತ ಖರ್ಚಿನಲ್ಲಿ ಕವನ ಸಂಕಲನ ಅಚ್ಚು ಹಾಕಿಸಿದವರು ಪುಸ್ತಕದಂಗಡಿಗೆ ಕೊಟ್ಟು ಬರುತ್ತಾರಲ್ಲ, ಅದೇ ಪದ್ಧತಿ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಆ ಪ್ರತಿಗಳು ಮೂಲೆಯಲ್ಲಿ ದೂಳು ತಿನ್ನುವುದಿಲ್ಲ. ರಾಕ್, ಕಂಟ್ರಿ, ಜಾನಪದ ಎಂದು ಬೇರೆ ಬೇರೆ ಕಟ್ಟೆ ಕಟ್ಟದೆ ಹೆಚ್ಚಿನವನ್ನು ಅಕಾರಾದಿಯಾಗಿ ಜೋಡಿಸುವುದು ಈ ಅಂಗಡಿಯ ಪದ್ಧತಿ. ಹಾಗಾಗಿ ನಿನ್ನೆ ಹುಟ್ಟಿದ ಬ್ಯಾಂಡು ಜಗದ್ವಿಖ್ಯಾತರ ಪಕ್ಕದಲ್ಲೇ ನಿಲ್ಲುತ್ತದೆ.

ಅಂಗಡಿಯೊಳಗೆ ಸಂಜೆ ಹೊತ್ತಿನ ಉಚಿತ ಕಛೇರಿಗಳು ಮೊದಲಿನಿಂದಲೂ ಇದ್ದವು. ಹೊರಗಿನದು ಮಾರ್ಚ್ ತಿಂಗಳ ಸಂಭ್ರಮ. 1987ರಲ್ಲಿ ಶುರುವಾದ 'ಸೌತ್ ಬೈ ಸೌತ್‌ವೆಸ್ಟ್' ಉತ್ಸವಕ್ಕೆ ಮೊದಲ ವರ್ಷ ಬಂದವರು ಸುಮಾರು 700 ಮಂದಿ. ಈಗ ಅದು ಜಗತ್ತಿನ ಮೂಲೆ ಮೂಲೆಯಿಂದ ಜನ ಬರುವ ಭಾರಿ ಜಾತ್ರೆ. ಒಳಹೋಗುವ ಬಿಲ್ಲೆಯ ಬೆಲೆ ಕೇಳಿದರೆ ಊರಿನವರೇ ಬೆಚ್ಚಿಬೀಳುತ್ತಾರೆ. ಆ ವಾರದಲ್ಲಿ ವಾಟರ್‌ಲೂ ತನ್ನ ಪಾರ್ಕಿಂಗ್ ಜಾಗದಲ್ಲಿ ವೇದಿಕೆ ಹಾಕಿ ಎಲ್ಲ ವಯಸ್ಸಿನವರಿಗೂ ಪುಕ್ಕಟೆ ಸಂಗೀತ ಕೊಡುತ್ತ ಬಂದಿತು. ಬಿಲ್ಲೆ ಬೇಡ, ಕೈಪಟ್ಟಿ ಬೇಡ. ಆ ಜಾಗದಲ್ಲಿ ಕಾರು ನಿಲ್ಲಿಸುವಂತಿಲ್ಲ, ಅಂದರೆ ಅಷ್ಟು ಗಿರಾಕಿಗಳು ತಪ್ಪಿದರು ಅಂತಲೇ. ಹಾಗಾದರೆ ಅಂಗಡಿಗೇನು ಲಾಭ?

ಲೆಕ್ಕ ಇಷ್ಟೇ. ಹಾಡು ಕೇಳಲು ಬೀದಿಬೀದಿಗೂ ದಾರಿ ಇರುವ ಈ ಕಾಲದಲ್ಲಿ ಅಂಗಡಿಗೆ ಬಂದು ರೆಕಾರ್ಡು ಕೊಳ್ಳುವವನು, ಆ ಹಾಡಿನ ಜೊತೆ ತನಗೊಂದು ನಂಟು ಬೇಕು ಎಂದು ಕೊಳ್ಳುತ್ತಾನೆ. ಅಂಗಳದಲ್ಲಿ ಕೇಳಿದ ಹಾಡಿಗೆ ಆ ನಂಟು ತಾನಾಗಿ ಹುಟ್ಟುತ್ತದೆ. ಹಾಡು ಮುಗಿದ ಐದು ನಿಮಿಷದಲ್ಲಿ ಅದೇ ಹಾಡಿನ ರೆಕಾರ್ಡು ಒಳಗಿನ ಗಲ್ಲಾ ಪಕ್ಕದಲ್ಲಿ ಸಿಗುತ್ತದೆ. ಎಲ್‌ಪಿ ಸತ್ತೇ ಹೋಯಿತು ಎಂದು ಎಲ್ಲರೂ ಕೈ ತೊಳೆದುಕೊಂಡಿದ್ದರು. 2022ರಲ್ಲಿ ಅಮೆರಿಕದಲ್ಲಿ ಸಿಡಿಗಿಂತ ಎಲ್‌ಪಿಗಳೇ ಹೆಚ್ಚು ಮಾರಾಟವಾದವು: ಎಲ್‌ಪಿ ಸುಮಾರು 4.1 ಕೋಟಿ, ಸಿಡಿ ಸುಮಾರು 3.3 ಕೋಟಿ. 1987ರ ನಂತರ ಹೀಗಾದದ್ದು ಅದೇ ಮೊದಲು. ಇದರಲ್ಲಿ ದೊಡ್ಡ ತಾರೆಯರ ಪಾಲು ದೊಡ್ಡದು ನಿಜ. ಆದರೆ ಅಂಗಡಿಗಳು ಬಾಗಿಲು ತೆರೆದಿಟ್ಟುಕೊಂಡು ಕಾಯದಿದ್ದರೆ ಮರಳಿ ಬಂದ ಗಿರಾಕಿಗೆ ಹೋಗಲು ಜಾಗವೇ ಇರುತ್ತಿರಲಿಲ್ಲ. 2007ರಲ್ಲಿ ಬಾಲ್ಟಿಮೋರ್‌ನಲ್ಲಿ ಸೇರಿದ ಇಂಥ ಕೆಲವು ಸ್ವತಂತ್ರ ಅಂಗಡಿಗಳವರೇ 'ರೆಕಾರ್ಡ್ ಸ್ಟೋರ್ ಡೇ' ಎಂಬ ದಿನವನ್ನು ಆಲೋಚಿಸಿದರು. 2008ರ ಏಪ್ರಿಲ್ 19ಕ್ಕೆ ಮೊದಲ ಆಚರಣೆ. ಈಗ ಪ್ರತಿ ಏಪ್ರಿಲ್‌ನಲ್ಲಿ ಆ ದಿನ ಬೆಳಗಾಗುವ ಮುಂಚೆಯೇ ಅಂಗಡಿಗಳ ಮುಂದೆ ಸಾಲು, ಎಷ್ಟೋ ಕಡೆ ಆ ಸಾಲಿನ ಪಕ್ಕದಲ್ಲೇ ಬ್ಯಾಂಡು.

ಬ್ಯಾಂಡಿನ ಕಡೆಯ ಲೆಕ್ಕವನ್ನೂ ನೋಡಬೇಕು. ಸ್ಪಾಟಿಫೈಯಲ್ಲಿ 2024ರಿಂದ ಒಂದು ಹಾಡಿಗೆ ಬಿಡಿಗಾಸು ಹುಟ್ಟಬೇಕಾದರೂ ಹನ್ನೆರಡು ತಿಂಗಳಲ್ಲಿ ಅದನ್ನು ಕನಿಷ್ಠ 1,000 ಬಾರಿ ಕೇಳಿರಬೇಕು. ಅಂಗಳದಲ್ಲಿ ನಿಂತ ಮೂವತ್ತು ಜನರಲ್ಲಿ ನಾಲ್ವರು ರೆಕಾರ್ಡು ಕೊಂಡರೂ, ಸಾವಿರಾರು ಸಲ ಫೋನಿನಲ್ಲಿ ಕೇಳಿಸಿಕೊಂಡದ್ದಕ್ಕಿಂತ ಹೆಚ್ಚು ದುಡ್ಡು ಆ ಸಂಜೆಯೇ ಕೈಗೆ ಬರುತ್ತದೆ. ವ್ಯಾನಿನ ಪೆಟ್ರೋಲಿಗೆ ಸಾಕು.

ಅಂಗಡಿ ಮತ್ತು ಊರಿನ ನಡುವಿನ ದುಡ್ಡಿನ ಓಡಾಟವನ್ನು ಆಸ್ಟಿನ್‌ನವರು ಅಳೆದೇ ನೋಡಿದ್ದಾರೆ. ವಾಟರ್‌ಲೂ ಆಗ ಇದ್ದ ಮೂಲೆಯ ಎದುರಿಗೇ ಬುಕ್‌ಪೀಪಲ್ ಎಂಬ ಪುಸ್ತಕದಂಗಡಿ. ಅದೇ ಕೂಡುರಸ್ತೆಯಲ್ಲಿ ಬಾರ್ಡರ್ಸ್ ಎಂಬ ದೈತ್ಯ ಮಳಿಗೆ ತರುವ ಯೋಜನೆಗೆ ನಗರದ ಸಹಾಯಧನವೂ ಸಿಗುವ ಸೂಚನೆ ಕಂಡಾಗ ಈ ಎರಡೂ ಅಂಗಡಿಗಳು ಎದ್ದು ನಿಂತವು. 2002ರಲ್ಲಿ ಸಿವಿಕ್ ಎಕನಾಮಿಕ್ಸ್ ಎಂಬ ಸಂಸ್ಥೆ ಲೆಕ್ಕ ಹಾಕಿ ಹೇಳಿತು: ಗಿರಾಕಿ ಊರಿನ ಅಂಗಡಿಯಲ್ಲಿ 100 ಡಾಲರ್ ಖರ್ಚು ಮಾಡಿದರೆ ಸುಮಾರು 45 ಡಾಲರ್ ಊರಿನಲ್ಲೇ ಮತ್ತೆ ತಿರುಗುತ್ತದೆ, ಬಾರ್ಡರ್ಸ್‌ನಲ್ಲಿ ಖರ್ಚು ಮಾಡಿದರೆ ಸುಮಾರು 13 ಡಾಲರ್ ಮಾತ್ರ. ಮಾಲೀಕನ ಲಾಭ, ಲೆಕ್ಕ ಬರೆಯುವವನ ಸಂಬಳ, ಜಾಹೀರಾತಿನ ದುಡ್ಡು, ಊರಿನ ಲೇಖಕರ, ಹಾಡುಗಾರರ ಪಾಲು ಎಲ್ಲ ಊರಿನಲ್ಲೇ ಉಳಿಯುವುದರಿಂದ ಈ ವ್ಯತ್ಯಾಸ. 'ಆಸ್ಟಿನ್ ವಿಚಿತ್ರವಾಗಿಯೇ ಇರಲಿ' ಎಂಬ ಅರ್ಥದ ಘೋಷಣೆಯ ಸ್ಟಿಕ್ಕರುಗಳನ್ನು ಈ ಅಂಗಡಿಗಳು ಅಚ್ಚು ಹಾಕಿಸಿ ಸಾವಿರಗಟ್ಟಲೆ ಹಂಚಿದವು. 2003ರಲ್ಲಿ ಬಾರ್ಡರ್ಸ್ ಹಿಂದೆ ಸರಿಯಿತು. ಅಳಿಯನ ಕಾರಿನ ಹಿಂದೆ ಈಗಲೂ ಆ ಸ್ಟಿಕ್ಕರ್ ಇದೆ. ನಾನು ಅದನ್ನು ತಮಾಷೆಗೆ ಅಂಟಿಸಿದ್ದು ಅಂದುಕೊಂಡಿದ್ದೆ.

ಇಷ್ಟೆಲ್ಲ ಇದ್ದರೂ ಅಲ್ಲಿನ ಹಾಡುಗಾರರ ಬದುಕು ಸುಖವಾಗಿದೆ ಎಂದು ಯಾರೂ ತಿಳಿಯಬಾರದು. ಅಮೆರಿಕದಲ್ಲಿ ನೌಕರಿ ಇಲ್ಲದವನಿಗೆ ಆರೋಗ್ಯ ವಿಮೆ ಎಂಬುದು ಬೆಟ್ಟದಂಥ ಖರ್ಚು, ಬ್ಯಾಂಡಿನವರಿಗೆ ನೌಕರಿ ಎಲ್ಲಿಂದ ಬರಬೇಕು. 2005ರಲ್ಲಿ ರಾಬಿನ್ ಶಿವರ್ಸ್ ಎಂಬಾಕೆ ಇದಕ್ಕೆಂದೇ 'ಹಾಮ್' ಎಂಬ ಸಂಸ್ಥೆ ಕಟ್ಟಿದರು. ಅದರ ಹಣ ಸಂಗ್ರಹದ ದಿನ ನನಗೆ ಬಹಳ ಹಿಡಿಸಿತು. ವರ್ಷಕ್ಕೊಂದು ದಿನ ಊರಿನ ನೂರಾರು ಅಂಗಡಿ, ಹೋಟೆಲುಗಳು ಆವತ್ತಿನ ವ್ಯಾಪಾರದಲ್ಲಿ ಶೇ 5ರಷ್ಟನ್ನು ಕೊಡುತ್ತವೆ. ಬ್ಯಾಂಡಿನವರು ಬೆಳಗಿನಿಂದ ರಾತ್ರಿಯವರೆಗೆ ಆ ಅಂಗಡಿಗಳ ಒಳಗೆ, ಬಾಗಿಲಲ್ಲಿ, ಅಂಗಳದಲ್ಲಿ ಹಾಡುತ್ತಾರೆ. ತರಕಾರಿ ಕೊಳ್ಳಲು ಬಂದವರ ದುಡ್ಡಿನ ಒಂದಂಶ ಯಾವನೋ ಡ್ರಮ್ಮರನ ಹಲ್ಲಿನ ಚಿಕಿತ್ಸೆಗೆ ಹೋಗುತ್ತದೆ.

ಅಲ್ಲಿ ನಿಂತಿದ್ದಾಗ ನನಗೆ ನಮ್ಮೂರಿನ ಗಣೇಶನ ಪೆಂಡಾಲು ನೆನಪಾಗದೆ ಇರಲಿಲ್ಲ. ಮಗಳೂ ಅದನ್ನೇ ಹೇಳಿದಳು, 'ಅಮ್ಮಾ, ಆರ್ಕೆಸ್ಟ್ರಾ ಥರಾನೇ ಇದೆ ಅಲ್ವಾ?' ಇದೆ. ಕಿರಾಣಿಯವರು, ಬಟ್ಟೆ ಅಂಗಡಿಯವರು, ಬೇಕರಿಯವರು ಕೊಟ್ಟ ಚಂದಾದಿಂದಲೇ ನಮ್ಮ ರಸಮಂಜರಿಗಳು ಬದುಕಿದ್ದು, ಹಾಡು ಹಾಡಿನ ನಡುವೆ ಅವರ ಹೆಸರುಗಳನ್ನು ಮೈಕಿನಲ್ಲಿ ಕೂಗಿದ್ದು. ಸಿನಿಮಾಕ್ಕೆ ಹೋದ ಎಷ್ಟೋ ಗಾಯಕರು ಆ ಹಲಗೆಯ ವೇದಿಕೆಗಳಿಂದಲೇ ಮೇಲೆ ಬಂದರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದ ರಾಮನವಮಿ ಸಂಗೀತೋತ್ಸವವನ್ನು ರಸ್ತೆ ಬದಿಯಲ್ಲಿ ನಿಂತೇ ಕೇಳಿ ಕಿವಿ ಪಳಗಿಸಿಕೊಂಡವರು ಎಷ್ಟು ಜನವೋ. ಬಯಲು ಸಂಗೀತಕ್ಕೆ ಅಂಗಡಿಯ ಕಾಸು ನಮ್ಮಲ್ಲಿ ಹೊಸದಲ್ಲ.

ಕೊರತೆ ಇರುವುದು ಬೇರೆ ಕಡೆ. ನಮ್ಮ ಪೆಂಡಾಲಿನಲ್ಲಿ ಹಾಡುವುದು ಎಲ್ಲರಿಗೂ ಗೊತ್ತಿರುವ ಸಿನಿಮಾ ಹಾಡು. ತಾನೇ ಬರೆದು ತಾನೇ ರಾಗ ಹಾಕಿದ ಕನ್ನಡ ಹಾಡನ್ನು ಹಾಡುವ ಬ್ಯಾಂಡಿಗೆ, ಅದು ಹೊಸದಾಗಿರುವಾಗ, ಯಾವ ಅಂಗಳವೂ ಇಲ್ಲ. ಸ್ವರಾತ್ಮ, ರಘು ದೀಕ್ಷಿತ್ ಅವರಂಥವರು ಹೆಸರು ಮಾಡಿ ತೋರಿಸಿದ್ದಾರೆ; ಅವರ ಹಿಂದೆ ಬರುವ, ಇನ್ನೂ ಹೆಸರಿಲ್ಲದವರ ಮಾತು ನಾನು ಹೇಳುತ್ತಿರುವುದು. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ ಸಂಜೆ ಹೊತ್ತು ಗಿಟಾರ್ ಹಿಡಿದ ಹುಡುಗರು ಕಲ್ಲುಹಾಸಿನ ಮೇಲೆ ನಿಂತು ಹಾಡುತ್ತಾರೆ, ಜನ ನಿಲ್ಲುತ್ತಾರೆ, ಕೆಲವೊಮ್ಮೆ ಪೊಲೀಸರು ಬಂದು ಎಬ್ಬಿಸುತ್ತಾರೆ. 2020ರ ನವೆಂಬರ್‌ನಿಂದ ಕೆಲವು ತಿಂಗಳು ಆ ಬೀದಿಗೆ ವಾರಾಂತ್ಯದಲ್ಲಿ ವಾಹನ ಬಿಡದೆ ಇದ್ದಾಗ ಅಲ್ಲಿ ನಡೆದಾಡಿದವರಿಗೆ ಗೊತ್ತು, ಆ ಬೀದಿಯಲ್ಲಿ ಹಾಡು ಎಷ್ಟು ದೂರ ಕೇಳುತ್ತದೆ ಎಂದು. ಬೀದಿಯಲ್ಲಿ ನಿಂತವನಿಗೆ ನೆಲೆ ಇಲ್ಲ. ಅದೇ ಹುಡುಗರಿಗೆ ಒಬ್ಬ ಪುಸ್ತಕದಂಗಡಿಯವರೋ ಕಾಫಿ ಅಂಗಡಿಯವರೋ ತಮ್ಮ ಮೆಟ್ಟಿಲು, ಒಂದು ಪ್ಲಗ್ ಪಾಯಿಂಟು, ವಾರದಲ್ಲಿ ಒಂದು ಗಂಟೆ ಕೊಟ್ಟರೆ ಅವರನ್ನು ಎಬ್ಬಿಸುವುದು ಅಷ್ಟು ಸಲೀಸಲ್ಲ.

ಸದ್ದಿನ ಕಾನೂನು ಅಡ್ಡ ಬರುತ್ತದೆ ಎನ್ನುವವರಿದ್ದಾರೆ. ಆಸ್ಟಿನ್‌ನಲ್ಲೂ ಕಾನೂನು ಉಂಟು, ಹೊರಾಂಗಣ ಸಂಗೀತಕ್ಕೆ ಪರವಾನಗಿ ಬೇಕು, 85 ಡೆಸಿಬೆಲ್‌ನ ಮಿತಿ ಇದೆ, ಅಳೆಯಲು ಅಧಿಕಾರಿಗಳು ಬರುತ್ತಾರೆ. ನಮ್ಮ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಧ್ವನಿವರ್ಧಕಕ್ಕೆ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ, ವಾಣಿಜ್ಯ ಪ್ರದೇಶದಲ್ಲಿ ಹಗಲಿಗೆ 65 ಡೆಸಿಬೆಲ್, ವಸತಿ ಪ್ರದೇಶದಲ್ಲಿ 55. ಇದು ಬಿಗಿಯಾದ ಮಿತಿಯೇ. ಆದರೆ ಸಂಜೆ ಆರರಿಂದ ಏಳು, ಮೈಕಿಲ್ಲದ ಒಂದು ಗಿಟಾರು, ಒಂದು ಖಂಜಿರ, ಎರಡು ಗಂಟಲು ಇಷ್ಟಕ್ಕೆ ಆ ಮಿತಿಯೊಳಗೂ ಜಾಗ ಮಾಡಿಕೊಳ್ಳಬಹುದು. ಪೆಂಡಾಲಿನ ಎದೆ ನಡುಗಿಸುವ ಸ್ಪೀಕರುಗಳಿಂದ ನೊಂದ ನೆರೆಯವರಿಗೆ ಮೊದಲು ಬೇಕಾಗಿರುವುದು ಈ ಭರವಸೆ: ಇದು ಚಿಕ್ಕದು, ಬೇಗ ಮುಗಿಯುತ್ತದೆ.

ಅಂಗಡಿಗಳು ಶಾಶ್ವತವಲ್ಲ, ಬಾಡಿಗೆ ಅವುಗಳನ್ನು ಅಲ್ಲಾಡಿಸುತ್ತಲೇ ಇರುತ್ತದೆ. ವಾಟರ್‌ಲೂ ಕೂಡ 2025ರಲ್ಲಿ ಹೊಸ ಒಡೆಯರ ಕೈಗೆ ಹೋಗಿ, ಮೂವತ್ತೈದು ವರ್ಷಕ್ಕೂ ಹೆಚ್ಚು ಕಾಲ ಇದ್ದ ಮೂಲೆಯನ್ನು ಬಿಟ್ಟು ಅದೇ ಲಮಾರ್ ರಸ್ತೆಯಲ್ಲಿ ಸ್ವಲ್ಪ ಉತ್ತರಕ್ಕೆ ಸರಿಯಿತು. ಹೆಸರು ಉಳಿಯಿತು. ಆ ಹಳೆಯ ಪಾರ್ಕಿಂಗ್ ಜಾಗದಲ್ಲಿ ಹಾಡು ಕೇಳಿ ಬೆಳೆದವರಿಗೆ ಅದರ ಮುಂದೆ ಹಾದುಹೋಗುವುದು ಸುಲಭವಿರಲಾರದು.

ನಾವು ನಿಂತಿದ್ದ ಅಂಗಳದಲ್ಲಿ ಅಂದು ಏಳೋ ಎಂಟೋ ಹಾಡು ಆಯಿತು. ಒಂದು ಹಾಡಿನ ನಡುವೆ ದೊಡ್ಡ ಲಾರಿಯೊಂದು ಹಾದುಹೋದಾಗ ಗಿಟಾರಿನ ಹುಡುಗಿ ಹಾಡು ನಿಲ್ಲಿಸಿ, ಬರೀ ತಂತಿ ಮೀಟುತ್ತಾ ಕಾದು, ಲಾರಿ ದಾಟಿದ ಮೇಲೆ ಅದೇ ಸಾಲಿನಿಂದ ಎತ್ತಿಕೊಂಡಳು. ಜನ ಚಪ್ಪಾಳೆ ತಟ್ಟಿದ್ದು ಅದಕ್ಕೆ. ನಾಯಿ ಹಿಡಿದಿದ್ದ ಮುದುಕರೊಬ್ಬರು ಕೊನೆಯ ಹಾಡಿನವರೆಗೂ ನಿಂತು, ಅಂಗಡಿಯೊಳಗೆ ಹೋಗಿ ಕೈಯಲ್ಲೊಂದು ಕ್ಯಾಸೆಟ್ ಹಿಡಿದು ಬಂದರು. ಮನೆಯಲ್ಲಿ ಅದನ್ನು ಕೇಳುವ ಪ್ಲೇಯರ್ ಇದೆಯೋ ಇಲ್ಲವೋ ಎಂದು ಅವರಿಗೇ ಸಂದೇಹವಿದ್ದಂತಿತ್ತು.

ಏಳೂವರೆಗೆ ವೈರು ಕಿಟಕಿಯೊಳಗೆ ಹೋಯಿತು. ಡ್ರಮ್ಮಿನ ಹುಡುಗ ಜಮಖಾನದ ಒಂದು ತುದಿ ಹಿಡಿದ, ಅಂಗಡಿಯಾಕೆ ಇನ್ನೊಂದು ತುದಿ. ಇಬ್ಬರೂ ಎದುರುಬದುರು ಬಗ್ಗಿ ದೂಳು ಕೊಡವಿ ಸುತ್ತಿದರು. ಬಿಟ್ಟುಕೊಂಡಿದ್ದ ನೂಲನ್ನು ಆಕೆ ಬೆರಳಿನಿಂದ ಒಳಗೆ ತುರುಕಿ, ದಾರ ಕಟ್ಟಿ, ಬಾಗಿಲ ಹಿಂದೆ ಪೊರಕೆಯ ಪಕ್ಕ ನಿಲ್ಲಿಸಿದರು. ಆಮೇಲೆ ಸೀಮೆಸುಣ್ಣ ಹಿಡಿದು ಬಂದು, ಹೊರಗಿನ ಕಪ್ಪು ಹಲಗೆಯ ಮೇಲಿದ್ದ ಬ್ಯಾಂಡಿನ ಹೆಸರು ಅಳಿಸಿ, ಮುಂದಿನ ಶನಿವಾರದ ಹೆಸರು ಬರೆಯತೊಡಗಿದರು.